ಸ್ವೆಟರಮ್ಮನ ಬಿಸಿ ಹಾಲು

ಮೊಟ್ಟೆಯಿಂದ ಕೋಳಿಮರಿ ತೆಗೆಯುವ ಆ ಹ್ಯಾಚರಿಯೊಳಗೆ ಕಾಲಿಟ್ಟ ಮೊದಲ ನಿಮಿಷದಲ್ಲೇ ಯಾರಿಗಾದರೂ ಕುತ್ತಿಗೆಯ ಹಿಂದೆ ಬೆವರೊಡೆಯುತ್ತಿತ್ತು. ಬೀರುವಿನಂಥ ದೊಡ್ಡ ದೊಡ್ಡ ಯಂತ್ರಗಳು, ಒಳಗೆ ಮೂವತ್ತೇಳೂವರೆ ಡಿಗ್ರಿ ಶಾಖ. ಬಾಗಿಲು ತೆಗೆದಾಗಲೆಲ್ಲ ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು. ಅಂಥ ಜಾಗದಲ್ಲಿ ಒಬ್ಬ ಹೆಂಗಸು ಬೂದು ಬಣ್ಣದ ಉಣ್ಣೆಯ ಸ್ವೆಟರ್ ತೊಟ್ಟು, ಗುಂಡಿಗಳನ್ನು ಗಂಟಲವರೆಗೂ ಹಾಕಿಕೊಂಡು ಕೆಲಸ ಮಾಡುತ್ತಿದ್ದರೆ ಜನ ಸುಮ್ಮನಿರುತ್ತಾರೆಯೇ? ಹೆಸರಿಟ್ಟೇಬಿಟ್ಟರು: ಸ್ವೆಟರಮ್ಮ.

ಹೆಸರಿಟ್ಟವನು ಯಂತ್ರಗಳನ್ನು ನೋಡಿಕೊಳ್ಳುವ ಮೇಸ್ತ್ರಿ. "ಅಲ್ಲಮ್ಮ, ಸೆಖೆ ತಡೀಲಾರದೆ ಮರಿಗಳೇ ಚಿಪ್ಪು ಒಡ್ಕೊಂಡು ಆಚೆ ಬರ್ತಿವೆ. ನೀನು ನೋಡಿದ್ರೆ ಉಣ್ಣೆ ಹೊದ್ಕೊಂಡು ನಿಂತಿದ್ದೀಯ!"

"ನನ್ನನ್ನೂ ಒಂದು ಸಲ ಮೆಷಿನ್ ಒಳಗಿಡಿ ಮೇಸ್ತ್ರಿಗಳೇ, ಇಪ್ಪತ್ತೊಂದು ದಿನಕ್ಕೆ ಸರಿಹೋಗ್ತೀನೇನೋ," ಎಂದು ಅವಳು ನಕ್ಕಿದ್ದಳು.

ಹ್ಯಾಚರಿಯ ಕಾನೂನು ಬಿಗಿ. ಹೊರಗಿನ ರೋಗ ಒಳಗೆ ಬರಬಾರದೆಂದು ಎಲ್ಲರೂ ಬಾಗಿಲಲ್ಲೇ ಸ್ನಾನ ಮಾಡಿ, ಅಲ್ಲಿಯದೇ ಬಟ್ಟೆ ಉಟ್ಟು, ಔಷಧಿ ನೀರಿನಲ್ಲಿ ಬೂಟು ಅದ್ದಿ ಒಳಗೆ ಹೋಗಬೇಕು. ಒಳಗಿನ ವಸ್ತು ಒಮ್ಮೆ ಹೊರಗೆ ಹೋದರೆ ಮುಗಿಯಿತು, ಮತ್ತೆ ಒಳಗೆ ತರುವಂತಿಲ್ಲ. ಅವಳ ಚಳಿ ನೋಡಲಾಗದೆ ಮೇಲ್ವಿಚಾರಕರು ಸ್ವೆಟರಿಗೆ ಒಪ್ಪಿಗೆ ಕೊಟ್ಟಿದ್ದರು. ಆದರೆ ಒಂದು ಷರತ್ತು. ಒಗೆಯುವುದು ಒಳಗೇ, ಒಣಗುವುದು ಒಳಗೇ, ರಾತ್ರಿ ಕಳೆಯುವುದು ಬಟ್ಟೆ ಬದಲಿಸುವ ಕೋಣೆಯ ಮೊಳೆಯ ಮೇಲೆ.

ಅವಳ ಕೆಲಸ ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡುವುದು. ಕತ್ತಲೆ ಕೋಣೆ, ನಡುವೆ ಅಡಿಯಿಂದ ದೀಪ ಉರಿಯುವ ಮೇಜು. ಹತ್ತು ದಿನ ಶಾಖದಲ್ಲಿದ್ದ ಮೊಟ್ಟೆಯ ಟ್ರೇಯನ್ನು ಅದರ ಮೇಲಿಟ್ಟರೆ, ಜೀವ ಕಟ್ಟಿದ ಮೊಟ್ಟೆಯೊಳಗೆ ಜೇಡರ ಬಲೆಯಂತೆ ಕೆಂಪು ನರಗಳು, ನಡುವೆ ಮಿಸುಕುವ ಕಪ್ಪು ಚುಕ್ಕೆ. ಜೀವ ಕಟ್ಟದ್ದು ಮಾತ್ರ ಸಾಮಾನಿಲ್ಲದ ಕೋಣೆಯಲ್ಲಿ ದೀಪ ಹಚ್ಚಿಟ್ಟ ಹಾಗೆ ಸುಮ್ಮನೆ ಬೆಳಗುತ್ತದೆ. ಅಂಥದ್ದಕ್ಕೆ ಅಲ್ಲಿಯವರು 'ಖಾಲಿ' ಅನ್ನುತ್ತಿದ್ದರು. ಖಾಲಿಗಳನ್ನು ಆರಿಸಿ ತೆಗೆಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

ಆ ಕೈಚಳಕವೇ ಒಂದು ದಿನ ಅವಳಿಗೆ ಮುಳ್ಳಾಯಿತು. ಊಟದ ಹೊತ್ತಿನಲ್ಲಿ ಮರಿಗಳನ್ನು ಪೆಟ್ಟಿಗೆಗೆ ತುಂಬುವ ಹೆಂಗಸೊಬ್ಬಳು ನಗುತ್ತಲೇ ಅಂದಳು: "ಸಾವಿರ ಮೊಟ್ಟೆ ನೋಡಿ ಇದು ತುಂಬಿದೆ, ಅದು ಖಾಲಿ ಅಂತೀಯಲ್ಲೇ ಸ್ವೆಟರಮ್ಮ, ನಿನ್ನನ್ನ ಯಾರು ಬೆಳಕಿಗೆ ಹಿಡಿದು ನೋಡ್ತಾರೆ?"

ಸುತ್ತ ಕೂತವರು ನಕ್ಕರು. ಸ್ವೆಟರಮ್ಮನೂ ನಕ್ಕಳು. ಮದುವೆಯಾಗಿ ಆರು ವರ್ಷ, ಮನೆಯಲ್ಲಿ ತೊಟ್ಟಿಲಿರಲಿಲ್ಲ. ಊಟದ ಡಬ್ಬಿ ತೊಳೆದಿಟ್ಟು ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೇಜಿನ ದೀಪ ಹಾಕಲು ಆ ದಿನ ಅವಳು ಸ್ವಲ್ಪ ತಡ ಮಾಡಿದಳು.

ಅವಳ ಮೈಯಲ್ಲಿ ಏನೋ ಸರಿಯಿಲ್ಲವೆಂದು ಮೊದಲು ಕಂಡುಹಿಡಿದದ್ದು ಗಂಡನಲ್ಲ, ಅತ್ತೆ. ಗಂಡ ಅದೇ ಹ್ಯಾಚರಿಯ ಮರಿಗಳನ್ನು ಊರೂರಿಗೆ ಸಾಗಿಸುವ ವ್ಯಾನಿನ ಡ್ರೈವರ್. ವಾರದಲ್ಲಿ ಮೂರು ದಿನ ದಾರಿಯ ಮೇಲೆ. ಅತ್ತೆಯೋ, ಮನೆಯಲ್ಲಿ ಯಾರ ತಟ್ಟೆಯಲ್ಲಿ ಎಷ್ಟು ಉಳಿಯಿತೆಂದು ನೋಡದೆ ತಟ್ಟೆ ತೊಳೆಯುವವರಲ್ಲ. ಸೊಸೆ ಇಲಿಯಷ್ಟು ತಿನ್ನುತ್ತಾಳೆ, ಮೈ ಮಾತ್ರ ಊದುತ್ತಿದೆ. ಬಾಚಣಿಗೆ ತುಂಬ ಕೂದಲು. ಕೂತಲ್ಲೇ ನಿದ್ದೆ. ದನಿ ಒಡೆದ ಗಡಿಗೆಯಂತಾಗಿದೆ. ತಿಂಗಳ ಮುಟ್ಟು ಎರಡು ತಿಂಗಳಿಗೊಮ್ಮೆ ಬಂದರೆ ಹತ್ತು ದಿನ ನಿಲ್ಲುವುದಿಲ್ಲ. ಒಂದು ಬೆಳಿಗ್ಗೆ ಅವರು ಸೆರಗು ಸರಿಮಾಡಿಕೊಂಡು, "ನಡಿ, ಇವತ್ತು ನಿನ್ನ ರಜಾ, ನನ್ನ ಹಟ," ಎಂದು ಸೊಸೆಯನ್ನು ಎರಡು ರಸ್ತೆ ಆಚೆಗಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು.

ಡಾಕ್ಟರು ಹೆಂಗಸು, ಮಾತು ಕಡಿಮೆ. ಅತ್ತೆಯೇ ಎಲ್ಲ ಹೇಳಿದರು. "ಸಣ್ಣಗೆ ತಿಂತಾಳೆ, ದಪ್ಪಗೆ ಆಗ್ತಾಳೆ. ಬಡಿಸೋಳು ನಾನು, ನನಗೆ ಗೊತ್ತಿಲ್ವಾ ಡಾಕ್ಟ್ರೇ?" ಡಾಕ್ಟರು ಸೊಸೆಯ ಗಂಟಲು ಮುಟ್ಟಿ ನೋಡಿ, ನುಂಗು ಎಂದು ಹೇಳಿ, ಮತ್ತೆ ಮುಟ್ಟಿ, ಚೀಟಿ ಬರೆದು ಪಕ್ಕದ ಕೋಣೆಗೆ ಕಳಿಸಿದರು.

ಆ ಕೋಣೆಯಲ್ಲಿ ಸೂಜಿ ಅಕ್ಕ ಇದ್ದರು. ಮೂವತ್ತೊಂದು ವರ್ಷದಿಂದ ಜನರ ತೋಳಿನಿಂದ ರಕ್ತ ತೆಗೆಯುತ್ತಿದ್ದ ಅವರನ್ನು ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಕನ್ನಡಕಕ್ಕೆ ಹಗ್ಗ ಕಟ್ಟಿ ಕೊರಳಿಗೆ ಹಾಕಿಕೊಂಡ ತೆಳ್ಳನೆಯ ಹೆಂಗಸು. "ಇರುವೆ ಕಚ್ಚಿದ ಹಾಗಾಗುತ್ತೆ ಅಂತೆಲ್ಲ ನಾನು ಹೇಳಲ್ಲಮ್ಮ. ಸೂಜಿ ಸೂಜಿ ಹಾಗೇ ಚುಚ್ಚುತ್ತೆ. ಆದ್ರೆ ಒಂದೇ ಸಲ," ಎಂದು ಹೇಳಿ, ಹೇಳಿದಂತೆಯೇ ಒಂದೇ ಸಲ ಚುಚ್ಚಿದರು.

ಮೂರನೆಯ ದಿನ ವರದಿ ಬಂತು. ನಾಲ್ಕರ ಒಳಗಿರಬೇಕಾದ ಅಂಕಿ ಮೂವತ್ತೆಂಟಕ್ಕೆ ಹೋಗಿತ್ತು. ಥೈರಾಯ್ಡ್ ತೊಂದರೆ ಎಂದರು ಡಾಕ್ಟರು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಥೈರಾಯ್ಡ್ ಹೆಚ್ಚಿಸಲು ಒಂದು ಮಾತ್ರೆ. ಮೂಳೆಗೆ ಶಕ್ತಿ ಸಾಲದು, ಕ್ಯಾಲ್ಸಿಯಂ ಮಾತ್ರೆ ಒಂದು. ಮಗುವಿನ ವಿಷಯ ಕೇಳಿದ್ದಕ್ಕೆ, "ಮೊದಲು ಈ ಅಂಕಿ ಇಳೀಲಿ. ಅದು ಇಳಿಯೋವರೆಗೂ ಆ ಮಾತು ಬೇಡ," ಎಂದರು.

ಹೊರಗೆ ಬೆಂಚಿನ ಮೇಲೆ ಕೂತ ಅತ್ತೆಗೆ ಸಮಾಧಾನವಿಲ್ಲ. ರಕ್ತದ ಸೀಸೆಗಳ ತಟ್ಟೆ ಹಿಡಿದು ಹೋಗುತ್ತಿದ್ದ ಸೂಜಿ ಅಕ್ಕನನ್ನು ತಡೆದು ನಿಲ್ಲಿಸಿದರು. "ಅಲ್ರೀ, ಹೆಚ್ಚಾಗಿದೆ ಅಂದಮೇಲೆ ಕಡಿಮೆ ಮಾಡೋ ಮಾತ್ರೆ ಕೊಡಬೇಕಲ್ವಾ? ಇವರು ಹೆಚ್ಚು ಮಾಡೋ ಮಾತ್ರೆ ಕೊಟ್ಟಿದ್ದಾರಲ್ಲ!"

ಸೂಜಿ ಅಕ್ಕ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸೊಸೆಯ ಪಕ್ಕ ಕೂತರು. "ಕೇಳಿ. ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ಒಂದು ಗ್ರಂಥಿ ಇದೆ. ಅದು ಮೇಲಿನ ಸಾಹೇಬ್ರು ಅಂತ ಇಟ್ಕೊಳ್ಳಿ. ಗಂಟಲಲ್ಲಿ ಚಿಟ್ಟೆ ರೆಕ್ಕೆ ಬಿಚ್ಚಿದ ಹಾಗೆ ಇನ್ನೊಂದಿದೆ. ಅದು ಕೆಲಸದವಳು. ಅವಳು ಮಾಡೋ ಹಾರ್ಮೋನು ರಕ್ತದಲ್ಲಿ ಓಡಾಡಿ ಮೈ ಬೆಚ್ಚಗಿಡುತ್ತೆ, ಎದೆ ಬಡಿತ ನೋಡ್ಕೊಳ್ಳುತ್ತೆ, ತಿಂದದ್ದನ್ನ ಶಕ್ತಿ ಮಾಡುತ್ತೆ. ಅದು ಸಾಕಷ್ಟಿದ್ರೆ ಸಾಹೇಬ್ರು ಸುಮ್ನೆ ಇರ್ತಾರೆ. ಕಡಿಮೆಯಾಯ್ತೋ, ಮಾಡು ಮಾಡು ಅಂತ ಕೂಗ್ತಾರೆ. ನಾವು ಅಳೆದಿರೋದು ಆ ಕೂಗನ್ನ. ಮೂವತ್ತೆಂಟು ಅಂದ್ರೆ ಗಂಟಲು ಹರಿಯೋ ಹಾಗೆ ಕೂಗ್ತಿದ್ದಾರೆ, ಕೆಲಸದವಳಿಗೆ ಕೈಲಾಗ್ತಿಲ್ಲ."

"ನಮ್ಮ ಮೇಲ್ವಿಚಾರಕರ ಹಾಗೆ," ಎಂದಳು ಸ್ವೆಟರಮ್ಮ. ಬಹಳ ದಿನದ ಮೇಲೆ ಅವಳಿಗೆ ಒಂದು ವಿಷಯ ಪೂರ್ತಿ ಅರ್ಥವಾಗಿತ್ತು.

"ಹೂಂ. ಆ ಕೂಗಾಟಕ್ಕೆ ಪಕ್ಕದ ಮನೆಯವರೂ ಎದ್ದು ಕೂತ್ಕೋತಾರೆ. ಅಲ್ಲೇ ಪಕ್ಕದಲ್ಲಿ ಎದೆಹಾಲು ಬರಿಸೋ ಹಾರ್ಮೋನು ಅಂತ ಒಂದಿದೆ. ಬೇಡದ ಹೊತ್ತಲ್ಲಿ ಅದೂ ಎದ್ದುಬಿಟ್ರೆ, ಮಡಿಲಲ್ಲಿ ಆಗ್ಲೇ ಕೂಸಿದೆ, ಈಗ ಅಂಡ ಬಿಡಬೇಡ ಅಂತ ಅಂಡಾಶಯಕ್ಕೆ ಸುದ್ದಿ ಹೋಗುತ್ತೆ. ಕೂಸೆಲ್ಲಿದೆ? ಇಲ್ಲ. ಸುದ್ದಿ ಮಾತ್ರ ಹೋಗಿರುತ್ತೆ."

"ನಮ್ಮ ತಾಯಿಕೋಳಿಗಳೂ ಹಾಗೇ ಅಕ್ಕ. ಶೆಡ್ಡಲ್ಲಿ ದಿನಕ್ಕೆ ಹದಿನಾರು ಗಂಟೆ ದೀಪ ಇರಬೇಕು. ದೀಪ ಕಡಿಮೆಯಾದ್ರೆ, ಹೊಟ್ಟೆ ತುಂಬ ಕಾಳು ಹಾಕಿದ್ರೂ ಮೊಟ್ಟೆ ನಿಲ್ಲಿಸ್ತವೆ."

"ನೋಡಿ, ನನಗಿಂತ ಚೆನ್ನಾಗಿ ಗೊತ್ತಿದೆ ಈ ಹುಡುಗಿಗೆ," ಎಂದು ಸೂಜಿ ಅಕ್ಕ ಎದ್ದರು. "ಕೆಟ್ಟುಹೋಗಿಲ್ಲ ಕಣೇ ನೀನು. ಸುದ್ದಿ ತಪ್ಪಾಗಿ ಓಡಾಡ್ತಿದೆ, ಅಷ್ಟೆ."

ಆ ದಿನ ಮನೆಗೆ ನಡೆಯುತ್ತ ಸ್ವೆಟರಮ್ಮ ಆ ಮಾತನ್ನು ಬಾಯೊಳಗಿನ ಸಕ್ಕರೆಯಂತೆ ಕರಗಲು ಬಿಡದೆ ಇಟ್ಟುಕೊಂಡಳು. ಕೆಟ್ಟುಹೋಗಿಲ್ಲ. ಖಾಲಿಯೂ ಅಲ್ಲ.

ಮರುದಿನದಿಂದ ಅತ್ತೆಯ ಮುತುವರ್ಜಿ ಶುರುವಾಯಿತು. ಹಿಂದೊಮ್ಮೆ ಮಂಡಿನೋವಿನ ಮಾತ್ರೆಯನ್ನು ಬರೀ ಹೊಟ್ಟೆಗೆ ನುಂಗಿ, ಹುಣ್ಣಾಗಿ, ಒಂದು ತಿಂಗಳು ನರಳಿದವರು ಅವರು. ಮಾತ್ರೆಯೆಂದರೆ ಕರುಳು ಸುಡುವ ಕೆಂಡ ಎಂದು ಅವರ ನಂಬಿಕೆ. ಖಾಲಿ ಹೊಟ್ಟೆಗೆ ಎಂದು ಡಾಕ್ಟರು ಹೇಳಿದ್ದಾರೆ, ಮೀರುವಂತಿಲ್ಲ. ಆದರೆ ಹಾಲು ಊಟದ ಲೆಕ್ಕಕ್ಕೆ ಬರುತ್ತದೆಯೇ? ನೀರಿನ ತಂಗಿಯಲ್ಲವೇ ಅದು? ಹಾಗೆಂದು ಅವರು ದಿನಾ ಐದು ಗಂಟೆಗೆ ಎದ್ದು, ಒಂದು ದೊಡ್ಡ ಲೋಟದ ತುಂಬ ಗಟ್ಟಿ ಹಾಲು ಕಾಯಿಸಿ, ಎರಡೂ ಮಾತ್ರೆಗಳನ್ನು ಅಂಗೈಯಲ್ಲಿಟ್ಟುಕೊಂಡು ಸೊಸೆಯನ್ನು ಎಬ್ಬಿಸುತ್ತಿದ್ದರು. ಒಂದೇ ಗುಟುಕಿಗೆ ಎರಡೂ ಒಳಗೆ. ಲೋಟ ಬರಿದಾಗುವವರೆಗೂ ಅತ್ತೆ ಮಂಚದ ಅಂಚಿನಲ್ಲೇ ಕೂತಿರುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ತಮಗೆ ಜ್ವರ ಬಂದಾಗಲೂ ಕಂಬಳಿ ಹೊದ್ದು ಬಂದು ಕೂತರು.

ಎರಡು ತಿಂಗಳ ಮೇಲೆ ಅಂಕಿ ಇಪ್ಪತ್ತೊಂಬತ್ತು. ಡಾಕ್ಟರು ಮಾತ್ರೆಯ ಬಲ ಹೆಚ್ಚಿಸಿದರು. ಮತ್ತೆರಡು ತಿಂಗಳಿಗೆ ಇಪ್ಪತ್ತೇಳು. ಇನ್ನೂ ಹೆಚ್ಚಿಸಿ ನೂರು ಮೈಕ್ರೋಗ್ರಾಮಿನ ಮಾತ್ರೆ ಕೊಟ್ಟರು. ಆರನೆಯ ತಿಂಗಳಿಗೆ ಇಪ್ಪತ್ತಾರು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಜ ಹೇಳು, ಮಾತ್ರೆ ದಿನಾ ತಗೋತಿದ್ದೀಯಾ?"

"ದಿನಾ ತಗೋತೀನಿ ಡಾಕ್ಟ್ರೇ."

"ಖಾಲಿ ಹೊಟ್ಟೆಗೆ?"

"ಹೂಂ. ಖಾಲಿ ಹೊಟ್ಟೆಗೇ."

"ನೂರರ ಮಾತ್ರೆಗೂ ಬಗ್ಗದ ಥೈರಾಯ್ಡ್ ನಾನು ನೋಡಿಲ್ಲಮ್ಮ. ಎರಡು ತಿಂಗಳು ಬಿಟ್ಟು ಮತ್ತೆ ನೋಡೋಣ. ಆಗ್ಲೂ ಹೀಗೇ ಇದ್ರೆ ದೊಡ್ಡ ಆಸ್ಪತ್ರೆಗೆ ಬರೆದುಕೊಡ್ತೀನಿ." ದನಿಯಲ್ಲಿ ಗದರಿಕೆ ಇರಲಿಲ್ಲ. ನಂಬಿಕೆಯೂ ಇರಲಿಲ್ಲ.

ಗಂಡ ಮನೆಯಲ್ಲಿ ಮೆಲ್ಲಗೆ ಕೇಳಿದ: "ಏನೇ, ಅಮ್ಮ ಎದ್ದು ಹೋದಮೇಲೆ ಉಗುಳ್ತಿಲ್ಲ ತಾನೇ?"

"ಉಗುಳೋಕೆ ನಾನೇನು ಎಳೆಕೂಸಾ ರೀ?" ಎಂದಳು. ಗಂಡ ತಮಾಷೆಗೆ ಕೇಳಿದ್ದ. ಅವಳಿಗೆ ತಮಾಷೆ ಅನ್ನಿಸಲಿಲ್ಲ. ಬೇಕಾಗಿದ್ದದ್ದು ಒಂದು ಮಗು; ಅದಕ್ಕೆ ಅಡ್ಡವಾಗಿ ನಿಂತಿದ್ದದ್ದು ಒಂದು ಅಂಕಿ; ಆ ಅಂಕಿ ಇಳಿಸಲು ಅವಳು ಮಾಡಬಹುದಾದದ್ದೆಲ್ಲ ಮಾಡಿಯಾಗಿತ್ತು. ಮಾಡಿದ್ದೇನೆಂದರೆ ನಂಬುವವರಿಲ್ಲ. ಇನ್ನು ಎರಡು ತಿಂಗಳು ಯಾಕೆ, ಈಗಲೇ ಬಿಟ್ಟುಬಿಟ್ಟರಾಯಿತು ಎಂದು ಎಷ್ಟೋ ಸಲ ಅಂದುಕೊಂಡಳು. ಆದರೆ ಐದು ಗಂಟೆಗೆ ಅತ್ತೆಯ ಕೈಯಲ್ಲಿ ಹಬೆಯಾಡುವ ಲೋಟ ಕಂಡಾಗ ಬೇಡವೆನ್ನಲು ಬಾಯಿ ಬರುತ್ತಿರಲಿಲ್ಲ.

ಆ ದಿನಗಳಲ್ಲೇ ಹ್ಯಾಚರಿಯ ಮೂರನೆಯ ನಂಬರಿನ ಯಂತ್ರ ತೊಂದರೆ ಕೊಡತೊಡಗಿತು. ಮರಿಗಳು ಚಿಪ್ಪಿಗೆ ಕೊಕ್ಕಿನಿಂದ ತೂತು ಕೊರೆದು, ಆಚೆ ಬರಲಾಗದೆ ಅಲ್ಲೇ ಅಂಟಿಕೊಳ್ಳುತ್ತಿದ್ದವು. ಒಳಪೊರೆ ಒಣಗಿ ಕಾಗದದಂತಾಗಿತ್ತು. ನೂರಕ್ಕೆ ಮೂವತ್ತು ಹೀಗೆ ಹೋದವು. ತೇವ ಸಾಲದೆ ಬರುವ ರೋಗ ಅದು, ಎಲ್ಲರಿಗೂ ಗೊತ್ತು. ಆದರೆ ಯಂತ್ರದ ಮುಖದ ಮೇಲಿನ ಮೀಟರು ತೇವ ಸರಿಯಾಗಿದೆ ಎಂದೇ ತೋರಿಸುತ್ತಿತ್ತು.

"ಮೀಟರ್ ಯಾಕೆ ಸುಳ್ಳು ಹೇಳುತ್ತಮ್ಮ? ಅದಕ್ಕೇನು ಸಂಬಳ ಹೆಚ್ಚು ಮಾಡ್ತಾರಾ?" ಎಂದ ಮೇಸ್ತ್ರಿ. ನೀರು ಚಿಮುಕಿಸುವ ಕೊಳವೆ ಬಿಚ್ಚಿ ನೋಡಿದ, ಫ್ಯಾನು ಬಿಚ್ಚಿ ನೋಡಿದ, ಮೊಟ್ಟೆ ಕಳಿಸಿದವರನ್ನು ಬೈದ.

ಸ್ವೆಟರಮ್ಮ ಯಂತ್ರದೊಳಗೆ ತಲೆ ಹಾಕಿದಳು. ಒಳಗೆ ಎರಡು ಥರ್ಮಾಮೀಟರ್ ಇರುತ್ತವೆ. ಒಂದು ಒಣಗಿದ್ದು. ಇನ್ನೊಂದರ ತುದಿಗೆ ಹತ್ತಿಯ ಬತ್ತಿ ಸುತ್ತಿರುತ್ತದೆ. ಬತ್ತಿಯ ಬಾಲ ನೀರಿನ ಬಾಟಲಿಯಲ್ಲಿ. ಬತ್ತಿಯ ನೀರು ಆರುತ್ತ ಎಷ್ಟು ತಂಪಾಗುತ್ತದೆ ಎಂಬುದರ ಮೇಲೆ ಗಾಳಿಯಲ್ಲಿ ತೇವ ಎಷ್ಟಿದೆಯೆಂದು ಯಂತ್ರಕ್ಕೆ ತಿಳಿಯುತ್ತದೆ. ಅವಳು ಕೈ ಚಾಚಿ ಬತ್ತಿಯನ್ನು ಮುಟ್ಟಿದಳು. ಮೆತ್ತಗಿರಬೇಕಾದ ಬತ್ತಿ ಕಡ್ಡಿಯಂತೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದಳು. ಬಿಳಿ ಪುಡಿ ಉದುರಿತು.

"ಮೇಸ್ತ್ರಿಗಳೇ, ಈ ಬಾಟಲಿಗೆ ಯಾವ ನೀರು ಹಾಕಿದ್ರಿ?"

ಮೇಸ್ತ್ರಿ ತಲೆ ಕೆರೆದುಕೊಂಡ. ಹಾಕಬೇಕಾದದ್ದು ಬ್ಯಾಟರಿಗೆ ಹಾಕುವಂಥ ಶುದ್ಧ ನೀರು. ಅದು ಮುಗಿದಿತ್ತು. ತಿಂಗಳಿಂದ ನಲ್ಲಿ ನೀರು ಹಾಕುತ್ತಿದ್ದ. "ಕುಡಿಯೋ ನೀರೇ ಕಣಮ್ಮ. ಕೊಳೆ ನೀರೇನಲ್ಲ."

ಕುಡಿಯುವ ನೀರಿನಲ್ಲಿದ್ದ ಸುಣ್ಣ ದಿನದಿನಕ್ಕೆ ಬತ್ತಿಯ ಮೇಲೆ ಕಟ್ಟಿಕೊಂಡಿತ್ತು. ಸುಣ್ಣ ಕಟ್ಟಿದ ಬತ್ತಿ ನೀರು ಹೀರುವುದಿಲ್ಲ, ತಂಪಾಗುವುದಿಲ್ಲ. ಯಂತ್ರ ಅದನ್ನು ನೋಡಿ, ಒಳಗೆ ಬೇಕಾದಷ್ಟು ತೇವವಿದೆ ಎಂದುಕೊಂಡು ನೀರು ಚಿಮುಕಿಸುವುದನ್ನೇ ನಿಲ್ಲಿಸಿತ್ತು. ಬತ್ತಿ ಬದಲಾಯಿಸಿ, ಶುದ್ಧ ನೀರು ತುಂಬಿದ ಅರ್ಧ ಗಂಟೆಗೆ ಕೊಳವೆಗಳು ಬುಸ್ಸೆಂದು ಹಬೆ ಬಿಟ್ಟವು.

"ಮೆಷಿನ್ ಚೆನ್ನಾಗೇ ಇತ್ತು," ಎಂದ ಮೇಸ್ತ್ರಿ, ಯಂತ್ರದ ಬೆನ್ನು ತಟ್ಟುತ್ತ. "ಪಾಪ, ಇದನ್ನೇ ಬೈದೆ."

ಸ್ವೆಟರಮ್ಮ ಹಳೆಯ ಬತ್ತಿಯನ್ನು ಎಸೆಯಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ನೀರು ಹಾಕಿದ್ದು ನಿಜ. ದಿನಾ ಹಾಕಿದ್ದು ನಿಜ. ತಲುಪಬೇಕಾದ ಕಡೆಗೆ ಅದು ತಲುಪಿರಲಿಲ್ಲ.

ಎಂಟನೆಯ ತಿಂಗಳ ರಕ್ತ ಕೊಡಲು ಹೋದಾಗ ಅವಳು ಸೂಜಿ ಅಕ್ಕನ ಮುಂದೆ ತೋಳು ಚಾಚಿ, ಬತ್ತಿಯ ಕಥೆಯನ್ನೆಲ್ಲ ಹೇಳಿದಳು. ಕೊನೆಗೆ ತಡೆದು ತಡೆದು ಕೇಳಿದಳು: "ಅಕ್ಕ, ನಾನು ಮಾತ್ರೆ ನುಂಗೋದು ನಿಜ. ಆದ್ರೆ ಅದು ಒಳಗೆ ಹೋದಮೇಲೆ ರಕ್ತಕ್ಕೆ ಸೇರದೇ ಇರಬಹುದಾ? ನಡುವೆ ಏನಾದ್ರೂ ಹಿಡ್ಕೊಂಡುಬಿಡುತ್ತಾ?"

ಸೂಜಿ ಅಕ್ಕನ ಕೈ ತೋಳಿಗೆ ಕಟ್ಟುವ ರಬ್ಬರಿನ ಮೇಲೆಯೇ ನಿಂತಿತು. "ನೀನು ಮಾತ್ರೆ ಹೇಗೆ ನುಂಗ್ತೀಯ? ಎದ್ದಲ್ಲಿಂದ ಹೇಳು. ಒಂದೂ ಬಿಡಬೇಡ."

ಹೇಳಿದಳು. ಐದು ಗಂಟೆ. ಅತ್ತೆ. ಅಂಗೈಯಲ್ಲಿ ಎರಡು ಮಾತ್ರೆ. ದೊಡ್ಡ ಲೋಟದ ತುಂಬ ಬಿಸಿ ಹಾಲು.

"ಅಯ್ಯೋ ನನ್ನ ಕಂದಾ," ಎಂದರು ಸೂಜಿ ಅಕ್ಕ. "ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ. ಎರಡನ್ನೂ ಒಂದೇ ಗಾಡಿಗೆ ಕಟ್ಟಿದ್ದೀರಲ್ಲೇ!" ರಕ್ತ ತೆಗೆಯುವುದನ್ನೂ ಮರೆತು ಅವಳ ಕೈ ಹಿಡಿದು ನೇರ ಡಾಕ್ಟರ ಕೋಣೆಗೆ ನುಗ್ಗಿದರು.

ಡಾಕ್ಟರು ಎಲ್ಲ ಕೇಳಿಸಿಕೊಂಡು, ಹಳೆಯ ವರದಿಗಳನ್ನು ಮುಂದೆ ಹರಡಿಕೊಂಡರು. ಆಮೇಲೆ ಬಿಡಿಸಿ ಹೇಳಿದರು. ಹಾಲಿನಲ್ಲೂ ಕ್ಯಾಲ್ಸಿಯಂ, ಆ ಇನ್ನೊಂದು ಮಾತ್ರೆಯಲ್ಲಂತೂ ಅದೇ. ಎರಡೂ ಸೇರಿ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು, ರಕ್ತಕ್ಕೆ ಹೋಗಲು ಬಿಡುತ್ತಿರಲಿಲ್ಲ. ಬರೀ ನೀರಿನಲ್ಲಿ ನುಂಗಬೇಕು, ಒಂದು ಗಂಟೆ ಏನನ್ನೂ ಮುಟ್ಟಬಾರದು. ಕ್ಯಾಲ್ಸಿಯಂ ಸಂಜೆಗೆ. "ಮತ್ತೆ ನೂರು ಬೇಡ, ಎಪ್ಪತ್ತೈದಕ್ಕೆ ಇಳಿಸ್ತೀನಿ. ಈಗ ಪೂರ್ತಿ ಒಳಗೆ ಹೋಗುತ್ತಲ್ಲ, ಹೆಚ್ಚಾದ್ರೆ ಎದೆ ಓಡೋಕೆ ಶುರುವಾಗುತ್ತೆ." ಚೀಟಿ ಕೊಡುವಾಗ ತಲೆಯೆತ್ತದೆ ಅಂದರು: "ಖಾಲಿ ಹೊಟ್ಟೆಗಾ ಅಂತ ಕೇಳಿದೆ. ಯಾವುದರ ಜೊತೆ ಅಂತ ಕೇಳಲಿಲ್ಲ. ನಿನ್ನ ಮೇಲೆ ಅನುಮಾನಪಟ್ಟೆ. ತಪ್ಪು ನನ್ನದಮ್ಮ."

ಹೊರಗೆ ಬಂದ ಸ್ವೆಟರಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಟು ಬಿಚ್ಚಿತ್ತು. ಆದರೆ ಆ ಗಂಟಿನ ತುದಿ ಅತ್ತೆಯ ಕೈಯಲ್ಲಿತ್ತು.

ಗಂಡನಿಗೆ ಹೇಳಿದಳು. "ಬೆಕ್ಕಿಗೆ ಗಂಟೆ ಕಟ್ಟೋಕೆ ನನ್ನ ಕೈಲಾಗಲ್ಲ," ಎಂದು ಅವನು ವ್ಯಾನು ತೊಳೆಯಲು ಹೋದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಾವು ಇರಲಿ, ಇಲ್ಲಿ ಮುರಿಯಬಾರದ್ದು ಎಂಟು ತಿಂಗಳು ಚಳಿಯಲ್ಲಿ ಎದ್ದು ಹಾಲು ಕಾಯಿಸಿದ ಮನಸ್ಸು.

ಮರುದಿನ ಬೆಳಿಗ್ಗೆ ಅವಳು ಅತ್ತೆಗಿಂತ ಮೊದಲೇ ಎದ್ದು ಅಡುಗೆಮನೆಯಲ್ಲಿ ಕೂತಿದ್ದಳು. ಅತ್ತೆ ಪಾತ್ರೆಗೆ ಹಾಲು ಸುರಿದು ಒಲೆ ಹಚ್ಚಿದರು. ಅವಳು ಕಾಗದದ ಪೊಟ್ಟಣ ಬಿಚ್ಚಿ ಸುಣ್ಣ ಕಟ್ಟಿದ ಬತ್ತಿಯನ್ನು ಅವರ ಮುಂದಿಟ್ಟಳು. ಮೇಸ್ತ್ರಿ ಏನು ಮಾಡಿದ, ಯಾಕೆ ಮಾಡಿದ, ಕುಡಿಯುವ ನೀರೇ ಹೇಗೆ ಅಡ್ಡ ಬಂತು ಎಂದು ಹೇಳಿದಳು. ಆಮೇಲೆ ಡಾಕ್ಟರು ಹೇಳಿದ್ದನ್ನು ಹೇಳಿದಳು. ಹಾಲು ಎಂಬ ಮಾತನ್ನು ಆದಷ್ಟು ಮೆಲ್ಲಗೆ ಹೇಳಿದಳು.

ಅತ್ತೆ ಬತ್ತಿಯನ್ನು ಬೆರಳಿನಿಂದ ಮುರಿದು ನೋಡಿದರು. ಒಲೆ ಆರಿಸಿದರು. ಅಲ್ಲೇ ಮಣೆಯ ಮೇಲೆ ಕುಸಿದು ಕೂತರು.

"ಎಂಟು ತಿಂಗಳು ನಿನ್ನ ಮದ್ದಿಗೆ ನಾನೇ ಅಡ್ಡ ನಿಂತಿದ್ದೆನಾ?"

"ನೀವು ಅಡ್ಡ ನಿಂತಿರಲಿಲ್ಲ ಅತ್ತೆ, ಹಾಲು ನಿಂತಿತ್ತು."

"ಕಾಯಿಸಿದ ಕೈ ಯಾರದು?"

"ನನ್ನ ಕೈ ಹಿಡ್ಕೊಂಡು ಆಸ್ಪತ್ರೆಗೆ ಎಳ್ಕೊಂಡು ಹೋದ ಕೈಯೇ. ನೀವು ಅವತ್ತು ಹಟ ಮಾಡದಿದ್ರೆ ನನಗೆ ಕಾಯಿಲೆ ಇದೆ ಅಂತಾನೇ ಗೊತ್ತಾಗ್ತಿರಲಿಲ್ಲ. ನಾನು ಖಾಲಿ ಅಂತಲೇ ತಿಳ್ಕೊಂಡಿರ್ತಿದ್ದೆ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಹಾಲು ಕುಡಿದ ಮಕ್ಕಳೇ ಬದುಕೋದು ಕಷ್ಟ ಅಂತ ಗಾದೆ ಮಾಡಿದವರಿಗೆ ನನ್ನ ವಿಷಯ ಮೊದಲೇ ಗೊತ್ತಿತ್ತು ಅನ್ಸುತ್ತೆ," ಎಂದರು. ಆಮೇಲೆ ಇಬ್ಬರೂ ಎಷ್ಟು ನಕ್ಕರೆಂದರೆ ಗಂಡ ಎದ್ದು ಬಂದು ಬಾಗಿಲಲ್ಲಿ ನಿಂತು, ಏನಾಯಿತೆಂದು ಕೇಳಲು ಧೈರ್ಯ ಸಾಲದೆ ಹಿಂದಕ್ಕೆ ಹೋದ.

ಅಂದಿನಿಂದ ಅತ್ತೆ ಐದು ಗಂಟೆಗೆ ಏಳುವುದನ್ನು ಬಿಡಲಿಲ್ಲ. ಹಾಲಿನ ಬದಲು ನೀರಿನ ಲೋಟ. ಮಾತ್ರೆ ಗಂಟಲಿಳಿದ ಕೂಡಲೇ ಅಲಾರಂ ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು ಕಾವಲು ಕೂರುತ್ತಿದ್ದರು. ಒಂದು ಗಂಟೆಯೊಳಗೆ ಸೊಸೆ ಅಡುಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಒಮ್ಮೆ ಅವಳು ಬಾಯಿ ಮುಕ್ಕಳಿಸಲು ಹೋದಾಗಲೂ, "ಏನೇ ಅದು ಬಾಯಲ್ಲಿ?" ಎಂಬ ಕೂಗು ಬಂತು. "ನೀರು ಅತ್ತೆ!" "ಎಲ್ಲಿ, ಆ ಅನ್ನು!"

ಮೊದಲು ಬದಲಾದದ್ದು ಸ್ವೆಟರು. ಮೂರನೆಯ ವಾರಕ್ಕೆ ಗಂಟಲ ಬಳಿಯ ಗುಂಡಿ ತೆರೆಯಿತು. ಐದನೆಯ ವಾರಕ್ಕೆ ಇನ್ನೆರಡು. ಮೇಸ್ತ್ರಿ ದಿನಾ ಬಾಗಿಲಲ್ಲಿ ನಿಂತು, "ಇವತ್ತು ಎಷ್ಟು ಗುಂಡಿ?" ಎಂದು ಕೇಳುತ್ತಿದ್ದ. ಒಂದು ಮಧ್ಯಾಹ್ನ ಯಂತ್ರದ ಬಾಗಿಲು ತೆಗೆದಾಗ ಅವಳ ಹಣೆಯಿಂದ ಬೆವರಿನ ಹನಿಯೊಂದು ಮೂಗಿನ ಮೇಲೆ ಇಳಿಯಿತು. ಎಷ್ಟೋ ವರ್ಷದ ಮೇಲೆ ಬಂದ ನೆಂಟನನ್ನು ನೋಡುವಂತೆ ಅವಳು ಅದನ್ನು ಬೆರಳ ತುದಿಯಲ್ಲಿ ತೆಗೆದು ನೋಡಿದಳು. ಸ್ವೆಟರನ್ನು ಕಳಚಿ ಮೊಳೆಗೆ ಹಾಕಿದಳು.

ಆರು ವಾರಕ್ಕೆ ಅಂಕಿ ಆರು. ಇನ್ನೆರಡು ತಿಂಗಳಿಗೆ ಎರಡು ಚಿಲ್ಲರೆ. ಸೂಜಿ ಅಕ್ಕ ವರದಿಯನ್ನು ತಾವೇ ಹಿಡಿದು ಬಾಗಿಲವರೆಗೆ ಬಂದರು. "ಸಾಹೇಬ್ರು ಕೂಗೋದು ನಿಲ್ಲಿಸಿದ್ರು ಕಣೇ. ಈಗ ಮೆತ್ತಗೆ ಮಾತಾಡ್ತಿದ್ದಾರೆ." ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅತ್ತೆ ಪೆನ್ಸಿಲ್ಲಿನಿಂದ ಹಾಕುತ್ತಿದ್ದ ಸಣ್ಣ ಸುತ್ತುಗಳು ಸಾಲಿಗೆ ಬಂದವು. ಮೂವತ್ತೊಂದು ದಿನ, ಮೂವತ್ತು, ಇಪ್ಪತ್ತೊಂಬತ್ತು, ಮತ್ತೆ ಇಪ್ಪತ್ತೊಂಬತ್ತು.

ಮುಂದಿನ ಸುತ್ತು ಹಾಕುವ ದಿನ ಬಂತು, ಹೋಯಿತು. ಮೂವತ್ತಾರು ದಿನವಾಯಿತು. ಹಳೆಯ ಕಾಯಿಲೆ ತಿರುಗಿ ಬಂತು ಎಂದೇ ಸ್ವೆಟರಮ್ಮ ತಿಳಿದಳು. ಅತ್ತೆಗೂ ಹೇಳದೆ ಕೆಲಸದಿಂದ ನೇರ ಕ್ಲಿನಿಕ್ಕಿಗೆ ಹೋಗಿ, "ಅಕ್ಕ, ಮತ್ತೆ ಕೂಗು ಶುರುವಾಗಿದೆ ಅನ್ಸುತ್ತೆ. ನೋಡಿ," ಎಂದು ತೋಳು ಚಾಚಿದಳು.

ಸೂಜಿ ಅಕ್ಕ ಅವಳ ಮುಖ ನೋಡಿದರು. ತೋಳು ಬಿಟ್ಟು ಒಂದು ಸಣ್ಣ ಡಬ್ಬಿ ಕೈಗೆ ಕೊಟ್ಟು, "ಮೊದಲು ಇದಕ್ಕೆ ಮೂತ್ರ ಹಿಡ್ಕೊಂಡು ಬಾ," ಎಂದರು.

ಮೂತ್ರದಲ್ಲಿ ಅದ್ದಿದ ಪಟ್ಟಿಯ ಮೇಲೆ ಮೊದಲು ಒಂದು ಗೆರೆ ಮೂಡಿತು. ಸ್ವೆಟರಮ್ಮ ಬಾಗಿ ನೋಡುತ್ತಿದ್ದಳು. ಕತ್ತಲೆ ಕೋಣೆಯಲ್ಲಿ ಟ್ರೇ ನೋಡುವಾಗಲೂ ಅವಳು ಇಷ್ಟು ಬಾಗಿರಲಿಲ್ಲ. ಪಕ್ಕದಲ್ಲಿ ಎರಡನೆಯ ಗೆರೆ ಕೆಂಪು ನರದಷ್ಟು ತೆಳ್ಳಗೆ ಬಂತು.

"ಇದು ಬೇರೆ ಕೂಗು ಕಣೇ," ಎಂದರು ಸೂಜಿ ಅಕ್ಕ. "ಹೊಸಬರದ್ದು. ಬಂದಿದ್ದೀನಿ, ಈ ತಿಂಗಳು ಮುಟ್ಟು ಬೇಡ ಅಂತ ಅಂಡಾಶಯಕ್ಕೆ ಹೇಳಿ ಕಳಿಸಿದ್ದಾರೆ. ಎಳ್ಳಿನಷ್ಟಿಲ್ಲ, ಆಗ್ಲೇ ಹುಕುಂ ನೋಡು."

ಅವಳು ಸೂಜಿ ಅಕ್ಕನ ಎರಡೂ ಕೈಗಳನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಸ್ಪಿರಿಟ್ಟಿನ ವಾಸನೆಯ, ಮೂವತ್ತೊಂದು ವರ್ಷ ಜನರ ನೋವು ಮುಟ್ಟಿದ ಕೈಗಳು. "ನೀವು ಕೇಳಿದ್ರಲ್ಲ ಅಕ್ಕ, ಹೇಗೆ ನುಂಗ್ತೀಯ ಅಂತ. ಅದಕ್ಕೆ," ಎಂದು ಮಾತ್ರ ಕೊನೆಗೆ ಬಂತು.

"ಮೊದಲು ಕೇಳಿದ್ದು ನೀನು," ಎಂದು ಸೂಜಿ ಅಕ್ಕ ಕೈ ಬಿಡಿಸಿಕೊಂಡು, "ನಡಿ, ಡಾಕ್ಟರ ಹತ್ರ. ಬಸುರಿಗೆ ಮಾತ್ರೆಯ ಬಲ ಸ್ವಲ್ಪ ಹೆಚ್ಚು ಬೇಕಾಗುತ್ತೆ. ಈಗ ಇಬ್ಬರಿಗೆ ದುಡೀಬೇಕಲ್ಲ," ಎಂದರು.

ಆ ತಿಂಗಳು ಬೆಟ್ಟದ ಮೇಲಿನ ಊರೊಂದಕ್ಕೆ ಮರಿ ಸಾಗಿಸಬೇಕಿತ್ತು. ಚಳಿ ಹೆಚ್ಚು, ವ್ಯಾನಿನ ಒಂದು ಬಾಗಿಲಂಚಿನ ರಬ್ಬರು ಪಟ್ಟಿ ಹರಿದು ಗಾಳಿ ನುಗ್ಗುತ್ತಿತ್ತು. ಸ್ವೆಟರಮ್ಮ ಮೊಳೆಯ ಮೇಲಿನ ಸ್ವೆಟರನ್ನು ತಂದು ಆ ಬದಿಯ ಪೆಟ್ಟಿಗೆಗೆ ಸುತ್ತಿದಳು.

"ಹೊರಗೆ ಹೋದ್ರೆ ಮತ್ತೆ ಒಳಗೆ ಬರೋ ಹಾಗಿಲ್ಲ, ಗೊತ್ತು ತಾನೇ?" ಎಂದ ಮೇಸ್ತ್ರಿ.

"ಗೊತ್ತು ಮೇಸ್ತ್ರಿಗಳೇ. ಹೋಗಲಿ. ಚೆನ್ನಾಗಿ ದುಡಿದಿದೆ."

ಸ್ವೆಟರು ಹೋಯಿತು, ಹೆಸರು ಉಳಿಯಿತು. ಊಟದ ಹೊತ್ತಿನಲ್ಲಿ ಚುಚ್ಚಿ ಮಾತಾಡಿದ್ದ ಹೆಂಗಸು ಒಂದು ದಿನ ಅವಳ ಭಾರದ ಟ್ರೇಯನ್ನು ತಾನೇ ಎತ್ತಿಕೊಂಡು ಹೋದಳು. ಸ್ವೆಟರಮ್ಮ ಅದಕ್ಕೂ ಮನಸ್ಸಿನಲ್ಲೇ ಕೈಮುಗಿದಳು.

ಹುಟ್ಟಿದ್ದು ಹೆಣ್ಣು ಮಗು. ಮೂರನೆಯ ದಿನ ಸೂಜಿ ಅಕ್ಕ ಬಾಣಂತಿಯ ಕೋಣೆಗೆ ಬಂದರು. ಮಗುವಿನ ಥೈರಾಯ್ಡ್ ಸರಿಯಿದೆಯೇ ಎಂದು ನೋಡಲು ಹಿಮ್ಮಡಿಯಿಂದ ನಾಲ್ಕು ಹನಿ ರಕ್ತ ತೆಗೆಯಬೇಕಿತ್ತು. ಹೆಬ್ಬೆರಳಿನಷ್ಟು ಉದ್ದದ ಪಾದವನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡು, "ಸುಳ್ಳು ಹೇಳಲ್ಲ ಪುಟ್ಟಿ, ಚುಚ್ಚುತ್ತೆ. ಆದ್ರೆ ಒಂದೇ ಸಲ," ಎಂದರು. ಮಗು ಕೋಣೆ ಹಾರುವಂತೆ ಕಿರುಚಿತು. ಗಂಡ ಗೋಡೆಯ ಕಡೆ ತಿರುಗಿ ನಿಂತ. ದಪ್ಪ ಕಾಗದದ ಮೇಲಿನ ನಾಲ್ಕು ಸುತ್ತುಗಳು ಒಂದೊಂದಾಗಿ ಕೆಂಪಾದವು.

"ದನಿ ನೋಡಿದ್ರೇ ಗೊತ್ತಾಗುತ್ತೆ, ಸರಿಯಾಗಿದೆ," ಎಂದರು ಸೂಜಿ ಅಕ್ಕ. "ಆದ್ರೂ ಕಾಗದ ಹೇಳಲಿ." ವಾರದ ಮೇಲೆ ಕಾಗದವೂ ಹಾಗೇ ಹೇಳಿತು.

ಆ ಹೊತ್ತಿಗೆ ಮಾತ್ರ ಮಗು ಅಳು ನಿಲ್ಲಿಸಲಿಲ್ಲ. ಸ್ವೆಟರಮ್ಮನ ರವಿಕೆಯ ಮುಂಭಾಗ ಆ ಅಳುವಿಗೇ ಒದ್ದೆಯಾಗತೊಡಗಿತು. ಒಂದು ಕಾಲಕ್ಕೆ ಬೇಡದ ಹೊತ್ತಲ್ಲಿ ಎದ್ದು ಕೂತಿದ್ದ, ಸೂಜಿ ಅಕ್ಕ ಹೇಳಿದ್ದ ಆ ಪಕ್ಕದ ಮನೆಯವರು, ಈಗ ಸರಿಯಾದ ಹೊತ್ತಿಗೆ ಎದ್ದಿದ್ದರು. ಅವಳು ಮಗುವನ್ನು ಎದೆಗೆ ತೆಗೆದುಕೊಳ್ಳಲು ಕೈ ಚಾಚಿದಳು. ಅತ್ತೆ ಮಗುವನ್ನು ಎತ್ತಿದವರು ನಡುವೆಯೇ ನಿಂತು, ಸೂಜಿ ಅಕ್ಕನ ಕಡೆ ತಿರುಗಿದರು. ಮುಖದಲ್ಲಿ ಪರೀಕ್ಷೆಗೆ ಕೂತವರ ಭಯ.

"ಅಲ್ರೀ... ಈಗ ಹಾಲು ಕೊಡಬಹುದು ತಾನೇ? ಒಂದು ಗಂಟೆ ಬಿಡಬೇಕಾ?"

ಸೂಜಿ ಅಕ್ಕ ಕನ್ನಡಕ ತೆಗೆದು, ನಕ್ಕು ನಕ್ಕು ಒದ್ದೆಯಾದ ಕಣ್ಣು ಒರೆಸಿಕೊಂಡರು.

"ಕೊಡಿ ಅಮ್ಮಾ. ಇವಳಿಗೆ ಮಾತ್ರ ಯಾವ ಗಡಿಯಾರವೂ ಬೇಡ."